ಮಾರ್ಚಿನಲ್ಲಿ ನಾನು ಗುಡಿಸಿದ್ದು

ಕ್ಲೈಪೆಡಾ ಬಂದರು, ರಾತ್ರಿ ಒಂದೂ ಮುಕ್ಕಾಲು.
ಬೆಳಿಗ್ಗೆ ಏಳಕ್ಕೆ ಸ್ವೀಡನ್ನಿನ ಫೆರಿ. ಅಷ್ಟರೊಳಗೆ
ಐದು ಹೊಸ ಯಂತ್ರಗಳು ಎದ್ದು ಕೂರಬೇಕು.
ಕೈಗೆ ಸಿಗುವಂಥವಲ್ಲ, ಟೆಂಪ್ಲೇಟಿನ ಅಚ್ಚಿನಿಂದ ಎರಕ ಹೊಯ್ದವು.
ಗೇಟಿಗೊಂದರಂತೆ,
ಲಾರಿಯ ನಂಬರು ಓದಿ ಅಡ್ಡಗೋಲು ಎತ್ತುವುದಕ್ಕೆ.

ಎದ್ದವು.
ಐದೂ ಒಂದೇ ಹೆಸರಿನಲ್ಲಿ.

ಅಚ್ಚಿಗೆ ಇಟ್ಟಿದ್ದ ಹೆಸರು: ಮೋಲಸ್-ಸೊನ್ನೆ.
ವಿಳಾಸವಿಲ್ಲ, ನೆಟ್‌ವರ್ಕಿನ ತಂತಿ ಯಾರೋ ಕಿತ್ತಿಟ್ಟ ಹಾಗೆ.
ಹಾಜರಿ ಕೂಗಿದಾಗ ಒಬ್ಬನ ಹೆಸರಿಗೇ
ಐದು ಹುಡುಗರೂ ಕೈ ಎತ್ತಿ ನಿಂತಂತೆ,
ತರಲೆಯಿಂದಲ್ಲ, ಪಾಪ, ಬೇರೆ ಹೆಸರು ಕೇಳಿಯೇ ಇಲ್ಲದೆ.

ಪರದೆಯ ಮೇಲೆ ಕೆಂಪಕ್ಷರ: ಕಸ್ಟಮೈಸೇಶನ್ ವಿಫಲ.
ಯಾಕೆ ಅಂತ ಅದು ಹೇಳುವುದಿಲ್ಲ.
ಯಾವತ್ತೂ ಹೇಳಿದ್ದಿಲ್ಲ.

ಸ್ಕೈಸ್ತೆ ಕುರ್ಚಿ ಎಳೆದುಕೊಂಡಳು.
"ವೈದೋತಸ್, ಏನು ಬದಲಾಯಿಸಿದೆ?"
"ಏನೂ ಇಲ್ಲ," ಅಂದೆ.
ಮೊದಲ ಒಂದು ಗಂಟೆ ಎಲ್ಲರೂ ಹೇಳುವ ಮಾತು ಅದು.

ಹೆಸರಿನಲ್ಲಿ ಅಡಿಗೆರೆ ನುಸುಳಿದೆಯೇ, ನೋಡಿದಳು.
ಗಡಿಯಾರ, ಟೂಲ್ಸ್‌ನ ಆವೃತ್ತಿ, ಸ್ವಿಚ್ಚಿನ ಕಿಂಡಿ.
ಒಂದನ್ನು ಅಳಿಸಿ ಮತ್ತೆ ಹೊಯ್ದಳು. ಹನ್ನೊಂದು ನಿಮಿಷ.
ಮೋಲಸ್-ಸೊನ್ನೆ.
ಇನ್ನೊಮ್ಮೆ. ಹನ್ನೊಂದು ನಿಮಿಷ.

ಆ ನಿಮಿಷಗಳಲ್ಲಿ ಕಪ್ಪು ಬ್ರೆಡ್ಡು ಮುರಿದು ತಿಂದೆವು,
ಜಾಡಿಯಿಂದ ಬೀಟ್‌ರೂಟಿನ ತಣ್ಣನೆ ಸಾರು.
ಅವಳ ಕೊರಳಿನ ಬ್ಯಾಡ್ಜು ಸಾರಿಗೆ ತಾಗಿ ಗುಲಾಬಿಯಾಯಿತು:
ನೋರ್ವಿಲಿಯೆನೆ.
ನಮ್ಮ ಭಾಷೆಯಲ್ಲಿ ಹೆಣ್ಣಿನ ಹೆಸರಿನ ಬಾಲ ನೋಡಿದರೆ ಸಾಕು,
ಯಾರ ಮಗಳು, ಯಾರ ಹೆಂಡತಿ, ಎಲ್ಲ ಅಲ್ಲೇ ನೇತಾಡುತ್ತದೆ.
ವಿಚ್ಛೇದನವಾಗಿ ಎರಡು ವರ್ಷ.
"ಅರ್ಜಿ ತುಂಬಿಟ್ಟಿದ್ದೇನೆ," ಅಂದಳು ಬಾಯಿ ಒರೆಸಿಕೊಂಡು,
"ಬದಲಾವಣೆಗೆ ಕಾರಣ ಅಂತ ಒಂದು ಜಾಗವಿದೆ ನೋಡು,
ಅಲ್ಲಿ ನಿಂತಿದೆ."

ಮೂರೂ ಹತ್ತಕ್ಕೆ ಅವಳು ಹೊರಗಿನಿಂದ ಕೇಳುವುದು ಬಿಟ್ಟಳು.
ಕನ್ಸೋಲಿನಿಂದ ಯಂತ್ರದ ಒಳಕ್ಕೇ ಇಳಿದು
ಯಾರೂ ಹೋಗದ ಫೋಲ್ಡರಿನಲ್ಲಿ ಲಾಗು ತೆರೆದು
ಕೆಳಗಿನಿಂದ ಮೇಲಕ್ಕೆ ಓದತೊಡಗಿದಳು.
ಓದುತ್ತ ಓದುತ್ತ ಒಂದು ಕಡೆ ಬೆರಳು ನಿಂತಿತು.

ಪರ್ಲ್: ಸಿಗಲಿಲ್ಲ.

ನನ್ನ ಕಿವಿ ಬಿಸಿಯಾಯಿತು.
ಮಾರ್ಚಿನಲ್ಲಿ ಅಚ್ಚನ್ನು ಗುಡಿಸಿದವನು ನಾನು.
ಬೇಡದ್ದೆಲ್ಲ ತೆಗೆದೆ: ಆಟ, ಮುದ್ರಣ, ಬ್ಲೂಟೂತು,
ಜೊತೆಗೆ ಈ ಪರ್ಲ್. ಯಾರೀಗ ಅದರಲ್ಲಿ ಬರೆಯುತ್ತಾರೆ?
ಎಷ್ಟು ಹಗುರ ಮಾಡಿದೆ ಎಂದು ಮೇಲಿನವರು ಬೆನ್ನು ತಟ್ಟಿದ್ದರು.
ಹೆಸರು ಬರೆಯಲು ಒಳಗೆ ಬರುವ ಗುಮಾಸ್ತನಿಗೆ
ಆ ಮುದಿ ಭಾಷೆಯೊಂದೇ ಬರುವುದೆಂದು
ನನಗಾದರೂ ಯಾರು ಹೇಳಿದ್ದರು?
ಐದು ಸಲ ಬಂದಿದ್ದಾನೆ, ಪಟ್ಟಿ ಕೈಯಲ್ಲಿ ಹಿಡಿದು,
ಬಾಯಿ ತೆರೆದಿದ್ದಾನೆ, ಮಾತು ಹೊರಟಿಲ್ಲ, ಹಾಗೇ ಹೋಗಿದ್ದಾನೆ.

"ನಾನೇ," ಅಂದೆ.
ಅವಳು ಬಯ್ಯಲಿಲ್ಲ. "ಅಚ್ಚನ್ನು ಎಬ್ಬಿಸು," ಅಂದಳು.

ಅಚ್ಚನ್ನು ಯಂತ್ರವಾಗಿ ಎಬ್ಬಿಸಿದೆವು, ತೆಗೆದದ್ದನ್ನು ತಿರುಗಿ ಇಟ್ಟೆವು,
ತಾನು ಯಾರೆಂಬುದನ್ನು ಒರೆಸಿ ಮತ್ತೆ ಮಲಗಿಸಿದೆವು.
ಹೊಯ್ದೆವು. ಹನ್ನೊಂದು ನಿಮಿಷ.
ಗೇಟು-ಒಂದು ಎಂದಿತು ಒಂದು.
ನಾಲ್ಕನೆಯದು, ಎರಡನೆಯದು, ಐದು.
ಮೂರನೆಯದು ತಡ ಮಾಡಿತು; ಸ್ಕೈಸ್ತೆ ಉಗುರು ಕಚ್ಚಿದಳು.
ಆಮೇಲೆ ಅದೂ.

ಘಟನೆಯ ವರದಿಯಲ್ಲೂ ಕಾರಣ ಎಂದೊಂದು ಜಾಗವಿತ್ತು.
"ಮಾರ್ಚಿನಲ್ಲಿ ನಾನು ತೆಗೆದೆ" ಎಂದು ಬರೆದು ಹೆಸರು ಹಾಕಿದೆ.
ಅವಳು ಹೆಗಲ ಹಿಂದಿನಿಂದ ಬಹಳ ಹೊತ್ತು ಓದಿದಳು,
ಅಷ್ಟು ಓದುವಂಥದ್ದೇನೂ ಅಲ್ಲಿರಲಿಲ್ಲ.
"ಇಷ್ಟೇ ಬರೆದರೆ ಒಪ್ಪುತ್ತಾರಾ?"
"ಒಂದು ಸಾಲು ಸಾಕಂತೆ."

ಹೊರಗೆ ಮಂಜಿನಲ್ಲಿ ಫೆರಿಯ ಕೂಗು.
ಬಾಗಿಲಿಗೆ ಅವಳು ಬ್ಯಾಡ್ಜು ತೋರಿಸಿದಳು.
ಹಸಿರು ದೀಪ, ಹಳೆಯ ಹೆಸರು. ಬಾಗಿಲು ತೆರೆಯಿತು.
ಮೂರನೇ ಗೇಟಿನಲ್ಲಿ ಪೋಲಿಷ್ ಲಾರಿಯೊಂದು
ಕೆಮ್ಮುತ್ತ, ಕೋಲು ಎತ್ತುವುದನ್ನೇ ಕಾಯುತ್ತಿತ್ತು.